ಕದಿರಿಗೊಂದು ಗದ್ದೆ

ಬೈಲಿನಲ್ಲಿ ಉಳಿದಿದ್ದ ಒಂದೇ ಒಂದು ಗದ್ದೆಯನ್ನು ಬೇಬಿಯಕ್ಕ ಮಾರುತ್ತಾರಂತೆ ಎಂದು ಕೇಳಿದ್ದೇ ಸಂಜೀವ ಶೆಟ್ಟರ ಪಿತ್ತ ನೆತ್ತಿಗೇರಿತು. ಸುತ್ತಲಿನ ಗದ್ದೆಗಳಿಗೆಲ್ಲ ಮಣ್ಣು ತುಂಬಿಸಿ ಸೈಟು ಮಾಡಿದವರು ಶೆಟ್ಟರೇ. ಆದರೆ ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟುವ ಹಬ್ಬವನ್ನು ಅವರು ಒಂದು ವರ್ಷವೂ ತಪ್ಪಿಸಿದವರಲ್ಲ.

"ಹಿರಿಯರಿಂದ ಬಂದ ಕ್ರಮ ಬೇಬಿಯಕ್ಕ. ನೀವೂ ಮಾರಿದ್ರೆ ನಾವು ಕದಿರಿಗೆ ಎಲ್ಲಿಗೆ ಹೋಗುದು?"

"ಆಯ್ತು ಶೆಟ್ರೇ, ಮಾರುದಿಲ್ಲ."

ಮಳೆಗಾಲವಿಡೀ ಅತ್ತ ತಲೆ ಹಾಕದ ಶೆಟ್ಟರು ಹಬ್ಬದ ಬೆಳಿಗ್ಗೆ ಹರಿವಾಣ ಹಿಡಿದು ಬೇಬಿಯಕ್ಕನ ಅಂಗಳಕ್ಕೆ ಬಂದರು. ಆಕೆ ಒಳಗಿನಿಂದ ಒಂದು ಕಟ್ಟು ಕದಿರು ತಂದುಕೊಟ್ಟರು. ಶೆಟ್ಟರು ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

"ಎಂಥ ಬೆಳೆ ಮಾರಾಯ್ರೇ, ಒಂದು ಕಾಳೂ ಉದುರುದಿಲ್ಲ. ಗದ್ದೆ ಉಳಿಸಿದ್ದಕ್ಕೆ ಸಾರ್ಥಕ ಆಯ್ತು."

"ಗದ್ದೆಯ ಪೈರು ಪೂರ್ತಿ ಕೊಳೆತುಹೋಯ್ತು ಶೆಟ್ರೇ. ನಿಮ್ಮ ಮಣ್ಣು ತೋಡಿಗೆ ಜಾರಿ, ನೀರು ಹೋಗ್ಲಿಕ್ಕೆ ದಾರಿಯೇ ಇರ್ಲಿಲ್ಲ."

ಶೆಟ್ಟರು ಕೈಯಲ್ಲಿದ್ದ ಕದಿರನ್ನು ನೋಡಿದರು. "ಮತ್ತೆ ಇದು?"

"ಪೇಟೆಯಿಂದ ತಂದದ್ದು. ಪ್ಲಾಸ್ಟಿಕ್ಕಿಂದು. ಜಾಗ್ರತೆ ಮಾಡಿ ಇಟ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗ್ತದೆ."