ನೀಲಾಂಬಿಕಾ ಕೊಟ್ಟ ಕಾರಣ

ಶಾಲೆಯ ಸಂದರ್ಶನದ ಕುರ್ಚಿಗೆ ಸುಳ್ಳು ಗೊತ್ತಾಗುತ್ತಿತ್ತು. ಬಾಗಲಕೋಟೆಯ ಬ್ಯಾಂಕು, ಆಸ್ಪತ್ರೆಗಳಲ್ಲೂ ಈಗ ಅಂಥವೇ ಕುರ್ಚಿಗಳಿದ್ದುದರಿಂದ ನೀಲಾಂಬಿಕಾ ಹೆದರದೆ ಕೂತಳು. ಅಪ್ಪ ಸಂಗಪ್ಪ ಪಕ್ಕದಲ್ಲೇ ನಿಂತಿದ್ದ.

"ಹೈಸ್ಕೂಲಿನ ಜೊತಿಗೇ ಅರ್ಧ ಡಿಗ್ರಿನೂ ಮುಗಿಸೋ ಈ ಸಾಲಿ ನಿನಗ್ಯಾಕ ಬೇಕವ್ವಾ?" ಮುಖ್ಯೋಪಾಧ್ಯಾಯಿನಿ ಕೇಳಿದರು.

"ಲಗೂನ ನೌಕರಿ ಸಿಗತೈತ್ರಿ."

ಕುರ್ಚಿಯ ದೀಪ ಕೆಂಪಾಯಿತು. ಒಬ್ಬರಿಗೇ ಎರಡು ಸಲ ಕೆಂಪಾದರೆ ಸೀಟಿಲ್ಲ.

ನೀಲಾ ಅಪ್ಪನ ಕಡೆ ನೋಡಲಿಲ್ಲ. "ಹದಿನೆಂಟು ತುಂಬಿದ ಕೂಡ್ಲೇ ಅಪ್ಪ ಲಗ್ನ ಮಾಡ್ತಾನ್ರಿ. ಅಕ್ಕ ಹಂಗ ಕಾಲೇಜ್ ಬಿಟ್ಲು. ನಂದು ಅಷ್ಟರಾಗ ಅರ್ಧ ಡಿಗ್ರಿ ಮುಗದಿದ್ರ, ಬಿಡಸಾಕ ಯಾರಿಗೂ ಮನಸಾಗೂದಿಲ್ಲ ಅಂತ."

ದೀಪ ಹಸಿರಾಯಿತು. ಸಂಗಪ್ಪನ ಮುಖ ಕಪ್ಪಿಟ್ಟಿತು.

ಮೇಡಂ ಅವನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದರು. "ಪೂರ್ತಿ ಓದಸ್ತೀರೇನ್ರಿ?"

"ಓದಸ್ತೀನ್ರಿ."

ಕೆಂಪು. ಅಪ್ಪ ಎದ್ದುಹೋಗುತ್ತಾನೆಂದುಕೊಂಡಳು ನೀಲಾ; ಅವನು ಏಳಲಿಲ್ಲ.

"ನನಗ ಮಂದಿ ಮಾತಿನ ಅಂಜಿಕಿ ಐತ್ರಿ," ಎಂದ, ತಲೆ ತಗ್ಗಿಸಿ. "ಆದ್ರ ಇಕಿನ್ನ ಕೇಳದ ಇಕಿ ಲಗ್ನದ ಮಾತು ಎತ್ತೂದಿಲ್ಲ."

ದೀಪ ಹಸಿರಾಯಿತು. ಮೇಡಂ ನೀಲಾಳಿಗೆ ಸೀಟು ಕೊಟ್ಟರು. ಸಂಗಪ್ಪ ಮಾತ್ರ ತನ್ನ ಮಾತು ನಿಜವೆಂದ ಆ ಹಸಿರನ್ನು ನಂಬಲಾಗದೆ ನೋಡುತ್ತಲೇ ಕೂತಿದ್ದ.