ರಂಗಪ್ಪ ತೋರಿಸಿದ ಕೈ

ಆ ಹೆಂಗಸು ಇವತ್ತೂ ಬಂದು ನಿಂತಿದ್ದಳು.

ಶಿವಮೊಗ್ಗದ ಗೋಪಾಳ ಬಡಾವಣೆಯ ತನ್ನ ಮನೆಯ ಕಿಟಕಿಯ ಪರದೆಯನ್ನು ಎರಡೇ ಬೆರಳಷ್ಟು ಸರಿಸಿ ಶಿವಮೂರ್ತಪ್ಪ ನೋಡಿದ. ಎದುರಿನ ಬಸ್ ಸ್ಟಾಪು, ಬೂದು ಬಣ್ಣದ ಸೀರೆ, ಎರಡೂ ಕೈ ಸೆರಗಿನೊಳಗೆ. ಇದು ಮೂರನೇ ದಿನ. ಸಿಟಿ ಬಸ್ಸೊಂದು ನಿಧಾನ ಮಾಡಿತು. ಅವಳು ಕೈ ಎತ್ತಲಿಲ್ಲ. ಕೈ ಎತ್ತದವರಿಗೆ ನಮ್ಮ ಕಡೆ ಬಸ್ಸು ಯಾಕೆ ನಿಂತೀತು? ಹೊರಟೇಹೋಯಿತು. ಅವಳ ಕಣ್ಣು ಮಾತ್ರ ಇವನ ಗೇಟಿನ ಮೇಲೇ ಇತ್ತು.

ಗುರುತು ಮೊದಲ ದಿನವೇ ಹತ್ತಿತ್ತು. ಜಗದಾಂಬಾ. ಭದ್ರಾವತಿ ಹಳೇನಗರದ ರಂಗಪ್ಪನ ಹೆಂಡತಿ. ಇಪ್ಪತ್ತೆರಡು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು, ಮುಖ ಅದೇ.

"ಅಪ್ಪ, ಕೈ ಕುಲುಕೋದು ಯಾಕೆ ಶುರುವಾಯ್ತು ಗೊತ್ತಾ?" ಒಳಗಿನಿಂದ ಮಗಳು ಹೇಮಶ್ರೀ ಕೂಗಿದಳು. ವಿದ್ಯಾನಗರದಲ್ಲಿ ಹೋಟೆಲ್ ಕೆಲಸಕ್ಕೆ ಸೇರುವವರಿಗೆ ನಯನಾಜೂಕು ಕಲಿಸುವ ಕೆಲಸ ಅವಳದು; ಈ ವಾರದ ಪಾಠ ಕೈಸನ್ನೆ. "ಕೈಯಲ್ಲಿ ಕತ್ತಿ ಇಲ್ಲ ಅಂತ ತೋರ್ಸೋಕಂತೆ. ಈಗ ಬರೀ ಮರ್ಯಾದೆ."

"ಕೈ ಖಾಲಿ ಇದ್ರೆ ಸಾಕಾ?" ಅಂದ ಶಿವಮೂರ್ತಪ್ಪ.

"ಇನ್ನೊಂದು ಕೇಳು. ನಾವು ಅಂಗೈ ಕೆಳಗೆ ಮಾಡಿ ಬಾ ಅಂತ ಕರೀತೀವಲ್ಲ, ಫಾರಿನ್ನೋರಿಗೆ ಅದು ಹೋಗು ಅನ್ನೋ ಹಾಗೆ ಕಾಣುತ್ತಂತೆ. ಪ್ರತಿ ಸನ್ನೆಗೂ ಎಲ್ಲೋ ಒಂದು ಹುಟ್ಟು ಇರುತ್ತೆ ಅಪ್ಪ. ಆಮೇಲೆ ಅದರ ಪಾಡಿಗೆ ಅದು ಅರ್ಥ ಬದಲಾಯಿಸ್ಕೊಂಡು ಹೋಗುತ್ತೆ. ಟೀ ಮಾಡ್ಲಾ?"

"ಬೇಡ."

"ಗೊತ್ತಿದ್ದೂ ಕೇಳ್ತೀನಿ ನೋಡು. ಶಿವಮೊಗ್ಗದಲ್ಲಿ ಟೀ ಮುಟ್ಟದ ಗಂಡಸು ನೀನೊಬ್ಬನೇ ಇರ್ಬೇಕು."

ಅಂಗೈ ಕೆಳಗೆ. ಆ ಸನ್ನೆ ಅವನ ಬೆನ್ನು ಬಿಟ್ಟಿರಲಿಲ್ಲ. ಭದ್ರಾವತಿಯಲ್ಲಿ ಅವನು ದುಡಿಯುತ್ತಿದ್ದ ಎರಕದ ಫೌಂಡ್ರಿ ಮುಚ್ಚಿ, ಶೆಡ್ಡಿನ ತಗಡೂ ಗುಜರಿಗೆ ಹೋಗಿದೆ. ಅಲ್ಲಿ ಶಿವಮೂರ್ತಪ್ಪ ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ, ರಂಗಪ್ಪ ಕೆಳಗೆ. ಆ ಸದ್ದಿನಲ್ಲಿ ಮಾತು ನಡೆಯದು, ಎಲ್ಲ ಕೈಯಲ್ಲೇ. ಬೆರಳು ಮೇಲೆ ತಿರುಗಿಸಿದರೆ ಎತ್ತು. ಮುಷ್ಟಿ ಹಿಡಿದರೆ ನಿಲ್ಲಿಸು. ಅಂಗೈ ಕೆಳಗೆ ಮಾಡಿ ಆಡಿಸಿದರೆ ಇಳಿಸು. ಒಂದು ಮಧ್ಯಾಹ್ನ ಎರಡು ಟನ್ನಿನ ಅಚ್ಚು ಇಳಿಯಿತು. ರಂಗಪ್ಪ ಅದರ ಅಡಿಯಲ್ಲೇ ಇದ್ದ. "ಅವನೇ ಕೈ ತೋರಿಸಿದ" ಎಂದು ವಿಚಾರಣೆಯಲ್ಲಿ ಶಿವಮೂರ್ತಪ್ಪ ಹೇಳಿದ. ಹೇಗೆಂದು ಮಾಡಿಯೂ ತೋರಿಸಿದ. ತಪ್ಪು ಸತ್ತವನದೇ ಎಂದು ಬರೆದರು. ತಕರಾರು ಮಾಡಲು ಸತ್ತವರು ಬರುವುದಿಲ್ಲವಲ್ಲ, ಕೆಲಸ ಬೇಗ ಮುಗಿಯಿತು.

ಅಂದಿನಿಂದ, ಮಗುವನ್ನು ತಟ್ಟಿ ಮಲಗಿಸುವ ತಾಯಿಯ ಕೈ ಕಂಡರೂ ಅವನು ಮುಖ ತಿರುಗಿಸುತ್ತಾನೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ರಂಗಪ್ಪ ಬರುತ್ತಾನೆ. ಬಯ್ಯುವುದಿಲ್ಲ, ಅಳುವುದಿಲ್ಲ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಮೇಲೆ ನೋಡುತ್ತಾನೆ. "ಕೈ ತೋರ್ಸೋ ಮಾರಾಯ, ಒಂದ್ಸಲ ತೋರ್ಸು" ಎಂದು ಅಪ್ಪ ನಿದ್ದೆಯಲ್ಲಿ ಬೇಡುವುದನ್ನು ಹೇಮಶ್ರೀ ಎಷ್ಟೋ ಸಲ ಕೇಳಿದ್ದಾಳೆ.

ಸಾಕು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಇವತ್ತು ಆ ಹೆಂಗಸಿನ ಮುಂದೆ ಆಡಿಬಿಡಬೇಕು. ಉಗಿದರೆ ಉಗಿಯಲಿ. ಚಪ್ಪಲಿ ಮೆಟ್ಟಿ ರಸ್ತೆ ದಾಟಿದ.

"ಜಗದಾಂಬಮ್ಮ, ನಾನೇ ಬರ್ಬೇಕಿತ್ತು. ನಿಮ್ಮತ್ರ ಒಂದು ಮಾತು..."

"ಮೊದ್ಲು ನನ್ನ ಮಾತು ಮುಗೀಲಿ ಅಣ್ಣ. ಮೂರು ದಿನದಿಂದ ಧೈರ್ಯ ಸಾಲ್ದೆ ನಿಂತಿದೀನಿ." ಅವಳು ಸೆರಗನ್ನು ಇನ್ನಷ್ಟು ಸುತ್ತಿಕೊಂಡಳು. "ಕ್ಷಮೆ ಕೇಳೋಕೆ ಬಂದೆ."

"ನೀವು?"

"ಅವತ್ತು ಊಟದ ಡಬ್ಬಿ ತಗೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಚಪ್ಪಲಿ ಬಾರು ಕಿತ್ತಿತ್ತು, ಬಗ್ಗಿ ಅದನ್ನ ನೋಡ್ತಿದ್ದೆ. ತಲೆ ಎತ್ತೋದ್ರಲ್ಲಿ ಎಲ್ಲಾ ಮುಗ್ದಿತ್ತು. ಆಮೇಲೆ ನೀವು ಹೇಳಿದ್ದು ಕಿವಿಗೆ ಬಿತ್ತು, ಅಂಗೈ ಕೆಳಗೆ ಮಾಡಿ ಮೂರು ಸಲ ಆಡಿಸಿದ್ರು ಅಂತ. ಅಣ್ಣ, ಅವ್ರು ನನ್ನ ಬಾ ಅಂತ ಕರೀತಿದ್ದದ್ದು ಹಾಗೇನೇ. ಆ ಕೈ ನಿಮಗಲ್ಲ, ನನಗೆ. ನೀವು ಇಳಿಸು ಅಂದ್ಕೊಂಡ್ರಿ. ನಾನು ಅಲ್ಲಿಗೆ ಹೋಗದೇ ಇದ್ದಿದ್ರೆ ಅವ್ರು ಬದುಕಿರ್ತಿದ್ರು."

ಶಿವಮೂರ್ತಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಅವತ್ತಿಂದ ನನ್ನ ಕೈ ಯಾರನ್ನೂ ಕರೆಯೋಕೆ ಎದ್ದಿಲ್ಲ. ಬಸ್ಸಿಗೂ ಇಲ್ಲ. ಈಗ ಮೊಮ್ಮಗಳು ನಡೆಯೋಕೆ ಕಲೀತಿದಾಳೆ. ಎಲ್ರೂ ಕೈ ಆಡ್ಸಿ ಕರೀತಾರೆ, ನಂಗಾಗಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಏನೋ ಹೇಳ್ಬೇಕು ಅಂದ್ರಿ."

ಗಂಟಲಿನ ಮಾತು ನಾಲಿಗೆಯ ತುದಿಯವರೆಗೂ ಬಂತು. ಕಿಟಕಿಯಲ್ಲಿ ಹೇಮಶ್ರೀ ನಿಂತು ನೋಡುತ್ತಿದ್ದಳು. ಮಾತು ಬಂದ ದಾರಿಯಲ್ಲೇ ಕೆಳಗಿಳಿಯಿತು.

"ಏನಿಲ್ಲ," ಅಂದ. "ನಿಮ್ಮ ತಪ್ಪೇನಿಲ್ಲ ಅಂತ ಹೇಳೋಣ ಅಂತ."

"ಒಂದ್ಸಲ ತೋರ್ಸಿ ಅಣ್ಣ. ಕೊನೇಲಿ ಅವ್ರ ಕೈ ಹೆಂಗಿತ್ತು? ನೋಡಿದೋರು ನೀವೊಬ್ರೇ."

ಶಿವಮೂರ್ತಪ್ಪ ಕೈ ಎತ್ತಿದ. ಅಂಗೈ ಕೆಳಗೆ. ಒಂದು, ಎರಡು, ಮೂರು.

"ಹೂಂ," ಅಂದಳು ಜಗದಾಂಬಾ, ಆ ಕೈಯನ್ನೇ ನೋಡುತ್ತ. "ನನ್ನನ್ನೇ ಕರೆದಿದ್ದು."

ಬಸ್ಸು ಬಂತು. ಅದೇ ಕೈಯಿಂದ ನಿಲ್ಲಿಸಿ ಅವಳನ್ನು ಹತ್ತಿಸಿದ. ಸೀಟಿನಲ್ಲಿ ಕೂತವಳ ಎರಡೂ ಕೈ ಮತ್ತೆ ಸೆರಗಿನೊಳಗೆ ಸೇರಿದವು.

ಅವತ್ತು ರಂಗಪ್ಪ ಯಾವ ಕೈ ತೋರಿಸಿದನೋ, ತೋರಿಸಲೇ ಇಲ್ಲವೋ ಶಿವಮೂರ್ತಪ್ಪನಿಗೆ ಗೊತ್ತಿಲ್ಲ; ಟೀ ಫ್ಲಾಸ್ಕಿನ ಮುಚ್ಚಳ ಉರುಳಿತೆಂದು ಕ್ಯಾಬಿನ್ನಿನಲ್ಲಿ ಬಗ್ಗಿದಾಗ ಅವನ ಮೊಣಕೈ ಅಚ್ಚು ಇಳಿಸುವ ಲಿವರಿಗೆ ತಗುಲಿತ್ತು. ಆ ಸನ್ನೆ ಹುಟ್ಟಿದ್ದು ನಾಲ್ಕು ದಿನದ ಮೇಲೆ, ವಿಚಾರಣೆಯ ಕೋಣೆಯಲ್ಲಿ, ಅವನದೇ ಕೈಯಲ್ಲಿ.