ಹೋಲಿಕೆಯ ರಕ್ತ

“ಗುಂಡುಕಲ್ಲಿನಂಥ ಹೆಂಗಸಿಗೆ ಲಿವರ್ ಕ್ಯಾನ್ಸರ್ ಅನ್ನುತ್ತಲ್ರೀ ನಮ್ಮ ಹೊಸ ಪರೀಕ್ಷೆ! ಏನು ಎಡವಟ್ಟು ಮಾಡಿದ್ದೀರಿ?” ದೊಡ್ಡ ಡಾಕ್ಟರು ಮೇಜು ಗುದ್ದಿದರು.

ಸಂಶೋಧನೆಗೆಂದು ಸೇರಿದ್ದ ಕಿರಿಯ ಡಾಕ್ಟರ್ ಸುಚೇತಾಳಿಗೂ ರೇಗಿತು. “ಮತ್ತೆ ಮತ್ತೆ ನೋಡಿದೆ ಸರ್, ಅದೇ ಬರ್ತಿದೆ. ಆಕೆಗೆ ಸ್ಕ್ಯಾನ್ ಮಾಡಿಸೋಣ.”

“ಆಕೆ ರೋಗಿಯಲ್ಲ ಕಣಮ್ಮಾ, ರೋಗಿಯ ಹೆಂಡತಿ. ಹೋಲಿಸಿ ನೋಡೋಕೆ ಆರೋಗ್ಯವಂತರ ರಕ್ತ ಬೇಕು ಅಂತ ನಾವೇ ಕೇಳಿ ತಗೊಂಡಿದ್ದು. ಪರೀಕ್ಷೆಯ ತಪ್ಪು ಅಂತ ಬರೆದು ಮುಗಿಸಿ. ಇಲ್ಲದ್ದು ಹೇಳಿ ಹೆದರಿಸಿದಿರೋ, ನಿಮ್ಮ ಕೆಲಸ ಹೋಯ್ತು!”

ಸುಚೇತಾ ದಡಾರನೆ ಬಾಗಿಲು ತೆಗೆದು ಹೊರಗೆ ಬಂದಳು. ಆ ಹೆಂಗಸು ಬೆಂಚಿನ ಮೇಲೆ ಕೂತು, ಆಪರೇಷನ್ ಮುಗಿದು ಊರಿಗೆ ಹೊರಟಿದ್ದ ಗಂಡನಿಗೆ ಎಳನೀರು ಕುಡಿಸುತ್ತಿದ್ದಳು.

“ನನ್ ರಕ್ತ ಎಂಗದೆ ಡಾಕ್ಟ್ರವ್ವಾ?”

ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಸುಚೇತಾ ಒಮ್ಮೆ ಅವರತ್ತ ತಿರುಗಿ ನೋಡಿದಳು.

“ಚೆನ್ನಾಗಿದೆಯಮ್ಮಾ. ನಿಮಗೇನೂ ಇಲ್ಲ.”

“ನಂಗೇನಾಯ್ತದೆ ಬುಡಿ! ಇವ್ರೊಬ್ರು ನೆಟ್ಟಗಾದ್ರೆ ಸಾಕು” ಎಂದು ನಗುತ್ತಾ, ಅವಳು ಗಂಡನ ತೋಳು ಹಿಡಿದು ಆಸ್ಪತ್ರೆಯ ಗೇಟು ದಾಟಿದಳು.

ಮರುವರ್ಷದ ತಪಾಸಣೆಗೆ ಗಂಡ ಪೂರ್ತಿ ಗುಣವಾಗಿ, ಒಬ್ಬನೇ ಬಂದ.